ಊರಿಂದ ಸಮುದ್ರ ದಾಟಿ ಬಂದ ದತ್ತು ಮಗು: ಪದೇ ಪದೇ ಕೇಳುವ ಪ್ರಶ್ನೆಗಳು

ನಾವು ಮೈಸೂರಿನವರು, ಇರುವುದು ನ್ಯೂಜೆರ್ಸಿಯಲ್ಲಿ. ಮಗ ನಮ್ಮ ಮನೆಗೆ ಬಂದಾಗ ಕಾಗದದ ಪ್ರಕಾರ ಅವನಿಗೆ ಎರಡು ವರ್ಷ ಎರಡು ತಿಂಗಳು. ಉತ್ತರ ಕರ್ನಾಟಕದ ಒಂದು ದತ್ತು ಕೇಂದ್ರದಲ್ಲಿದ್ದ. ಅಮೆರಿಕದ ಕಡತಗಳಲ್ಲಿ ಅವನು ವಿದೇಶದಿಂದ ದತ್ತು ಬಂದ ಮಗು. ನಮಗೆ ಊರಿಂದ ಬಂದವನು. ಈಗ ಅವನಿಗೆ ಐದು ವರ್ಷ. ಇದೇ ದಾರಿಯಲ್ಲಿರುವ ಕನ್ನಡದವರು ಫೋನ್ ಮಾಡಿದಾಗಲೆಲ್ಲ ಅವೇ ಪ್ರಶ್ನೆಗಳು ಬರುತ್ತವೆ. ಅದಕ್ಕೇ ಒಂದು ಕಡೆ ಬರೆದಿಟ್ಟೆ. ನಾನು ಡಾಕ್ಟರಲ್ಲ. ಔಷಧಿ, ಪರೀಕ್ಷೆ ಎಲ್ಲ ನಿಮ್ಮ ಮಕ್ಕಳ ಡಾಕ್ಟರನ್ನು ಕೇಳಿಯೇ ಮಾಡಿ.

ಮಗುವನ್ನು ಕರೆತರಲು ಹೋದಾಗ ಕೇಂದ್ರದಲ್ಲಿ ಏನೇನು ಕೇಳಿಕೊಳ್ಳಬೇಕು?

ಕಡತದಲ್ಲಿ ಎರಡು ವರದಿ ಇರುತ್ತವೆ. ಒಂದು ಚೈಲ್ಡ್ ಸ್ಟಡಿ ರಿಪೋರ್ಟ್, ಇನ್ನೊಂದು ಮೆಡಿಕಲ್ ಎಕ್ಸಾಮಿನೇಷನ್ ರಿಪೋರ್ಟ್. ಎರಡನ್ನೂ ಮೊದಲೇ ಓದಿರುತ್ತೀರಿ. ಅವುಗಳಲ್ಲಿ ಇಲ್ಲದ್ದು ಆಯಾಗಳಿಗೆ ಗೊತ್ತಿರುತ್ತದೆ. ಆಫೀಸಿನಲ್ಲಿ ಸಹಿ ಹಾಕುವ ಕೆಲಸವನ್ನು ಒಬ್ಬರು ನೋಡಿಕೊಳ್ಳಿ, ಇನ್ನೊಬ್ಬರು ಆಯಾ ಪಕ್ಕ ಹೋಗಿ ಕುಳಿತುಕೊಳ್ಳಿ.

ನಮ್ಮಲ್ಲಿ ಆ ಕೆಲಸ ನಾನು ಮಾಡಿದೆ. ಒಬ್ಬ ಆಯಾ ಹೇಳಿದರು: "ಅವಂಗ ಮಜ್ಜಗಿ ಅನ್ನ ಅಂದ್ರ ಭಾಳ ಇಷ್ಟ ರೀ. ಮಲಗೂ ಮುಂದ ಕಿವಿ ಹಿಡಕೊಂತಾನ, ಬಿಡಸ್ಬ್ಯಾಡ್ರಿ." ಈ ಎರಡು ವಾಕ್ಯ ನೂರು ಪುಟದ ಕಡತಕ್ಕಿಂತ ಜಾಸ್ತಿ ಉಪಯೋಗಕ್ಕೆ ಬಂದವು. ಏನು ತಿನ್ನುತ್ತಾನೆ, ಯಾರು ತಿನ್ನಿಸುತ್ತಾರೆ, ಯಾವ ಹೆಸರಿಗೆ ತಿರುಗಿ ನೋಡುತ್ತಾನೆ, ಯಾವುದಕ್ಕೆ ಹೆದರುತ್ತಾನೆ, ಜ್ವರ ಬಂದಾಗ ಏನು ಮಾಡುತ್ತಾರೆ, ಇವನ್ನೆಲ್ಲ ಕೇಳಿ. ಅವರು ಒಪ್ಪಿದರೆ ಅವರ ಧ್ವನಿ ರೆಕಾರ್ಡ್ ಮಾಡಿಕೊಳ್ಳಿ. ಅವನು ಹೊದ್ದುಕೊಳ್ಳುತ್ತಿದ್ದ ಹಳೇ ಬಟ್ಟೆ ಕೊಟ್ಟರೆ ತನ್ನಿ, ಒಗೆಯಬೇಡಿ. ನಮ್ಮತ್ತೆ ಅದನ್ನು ಒಗೆಯೋಕೆ ಎರಡು ಸಲ ಎತ್ತಿಕೊಂಡಿದ್ದರು, ಎರಡು ಸಲವೂ ಕಿತ್ತುಕೊಂಡೆ.

ಕಡತದಲ್ಲಿರುವ ಹುಟ್ಟಿದ ದಿನ ನಿಜವಾ?

ಹೆತ್ತವರೇ ತಂದೊಪ್ಪಿಸಿದ ಮಗುವಾದರೆ ಸಾಮಾನ್ಯವಾಗಿ ಸರಿಯಿರುತ್ತದೆ. ಎಲ್ಲೋ ಸಿಕ್ಕಿದ ಮಗುವಾದರೆ ಡಾಕ್ಟರು ನೋಡಿ ಅಂದಾಜಿನಲ್ಲಿ ಬರೆದಿರುತ್ತಾರೆ. ಹಸುಗೂಸಾಗಿದ್ದಾಗ ಸಿಕ್ಕಿದ್ದರೆ ಹೆಚ್ಚು ಆಚೀಚೆ ಆಗುವುದಿಲ್ಲ. ಒಂದೂವರೆ ವರ್ಷಕ್ಕೆ ಸಿಕ್ಕಿದ್ದರೆ ತಿಂಗಳುಗಟ್ಟಲೆ ವ್ಯತ್ಯಾಸ ಇರಬಹುದು. ಹಲ್ಲು ನೋಡಿ, ಮೂಳೆ ಎಕ್ಸ್‌ರೇ ತೆಗೆದು ಸರಿಮಾಡೋಣ ಅಂತ ಕೆಲವರು ಹೊರಡುತ್ತಾರೆ. ಹೊಟ್ಟೆಗೆ ಸರಿಯಾಗಿ ಸಿಗದ ಮಗುವಿನ ಮೂಳೆಯ ವಯಸ್ಸು ಹಿಂದೆಯೇ ಇರುತ್ತದೆ. ಅದನ್ನು ನಂಬಿ ದಿನಾಂಕ ಬದಲಿಸಲು ಅವಸರ ಮಾಡಬೇಡಿ. ಒಂದೆರಡು ವರ್ಷ ಬೆಳೆಯಲಿ.

ಹಾಗಾದರೆ ಬೆಳವಣಿಗೆಯನ್ನು ಯಾವ ವಯಸ್ಸಿಗೆ ಹೋಲಿಸಬೇಕು?

ಈ ಪುಟದಲ್ಲಿ ನಾನು ಹೇಳಬೇಕೆಂದಿರುವುದೇ ಇದು. ಈ ಮಕ್ಕಳಿಗೆ ಎರಡು ವಯಸ್ಸು. ಒಂದು ಪಾಸ್‌ಪೋರ್ಟಿನಲ್ಲಿ ಇರುವುದು. ಇನ್ನೊಂದು ಮನೆಗೆ ಬಂದ ದಿನದಿಂದ ಎಣಿಸುವುದು. ಸರ್ಕಾರಕ್ಕೆ, ಲಸಿಕೆಗೆ, ಶಾಲೆಗೆ ಮೊದಲನೆಯದು ಬೇಕು. ಮಗು ಹೇಗಿದೆ ಅಂತ ತಿಳಿಯಲು ಎರಡನೆಯದು ಬೇಕು.

ಒಂದು ನೂರು ಪುಟದ ನೋಟ್‌ಬುಕ್ ತೆಗೆದುಕೊಳ್ಳಿ. ಪ್ರತಿ ಪುಟದ ಮೇಲೆ ಎರಡೂ ವಯಸ್ಸು ಬರೆಯಿರಿ. ನಮ್ಮ ಮೊದಲ ಪುಟದಲ್ಲಿ "26 ತಿಂಗಳು / 0 ತಿಂಗಳು" ಅಂತಿದೆ. ಆರು ತಿಂಗಳ ನಂತರದ ಪುಟದಲ್ಲಿ "32 / 6". ಮೂವತ್ತೆರಡು ತಿಂಗಳ ಪಕ್ಕದ ಮನೆ ಮಗು ಏನು ಮಾಡುತ್ತಿದೆ ಅಂತ ನೋಡಿದರೆ ನಿದ್ದೆ ಬರುವುದಿಲ್ಲ. ಆರು ತಿಂಗಳಲ್ಲಿ ಇವನು ಎಷ್ಟು ದೂರ ಬಂದ ಅಂತ ನೋಡಿದರೆ ಮಾತು ಬೇರೆ. ಚಾರ್ಟಿನಲ್ಲಿ ಚುಕ್ಕಿ ಎಲ್ಲಿದೆ ಅನ್ನುವುದಕ್ಕಿಂತ ಗೆರೆ ಯಾವ ಕಡೆ ಹೋಗುತ್ತಿದೆ ಅನ್ನುವುದು ಮುಖ್ಯ. ಗೆರೆ ಏರುತ್ತಿದ್ದರೆ ಉಸಿರಾಡಿ. ಮೂರು ತಿಂಗಳು ಮಲಗಿಬಿಟ್ಟರೆ ಡಾಕ್ಟರಿಗೆ ಫೋನ್ ಮಾಡಿ.

ಎತ್ತರ, ತೂಕ ಎರಡೂ ಚಾರ್ಟಿನ ಕೆಳಗಿವೆ. ನಮ್ಮ ಕಡೆ ಮಕ್ಕಳೇ ಸಣ್ಣ ಅಲ್ವಾ?

ಅಲ್ಲ. ವಿಶ್ವ ಆರೋಗ್ಯ ಸಂಸ್ಥೆ 2006ರಲ್ಲಿ ತಂದ ಚಾರ್ಟನ್ನು ಆರು ದೇಶಗಳ ಮಕ್ಕಳನ್ನು ಅಳೆದು ಮಾಡಿದ್ದಾರೆ: ಬ್ರೆಜಿಲ್, ಘಾನಾ, ಭಾರತ, ನಾರ್ವೆ, ಒಮಾನ್, ಅಮೆರಿಕ. ಭಾರತದ ಮಕ್ಕಳು ದೆಹಲಿಯವರು. ಚೆನ್ನಾಗಿ ತಿಂದುಂಡು ಬೆಳೆದ ಚಿಕ್ಕ ಮಕ್ಕಳು ಎಲ್ಲ ದೇಶದಲ್ಲೂ ಹೆಚ್ಚೂಕಡಿಮೆ ಒಂದೇ ಥರ ಬೆಳೆಯುತ್ತಾರೆ ಅಂತ ಅದರಲ್ಲಿ ಗೊತ್ತಾಯಿತು. ಹಾಗಾಗಿ "ನಮ್ಮ ರಕ್ತವೇ ಹಾಗೆ" ಅಂತ ಸುಮ್ಮನಾಗಬೇಡಿ.

ದತ್ತು ಮಕ್ಕಳನ್ನು ನೋಡುವ ಡಾಕ್ಟರುಗಳು ಒಂದು ಅಂದಾಜು ಹೇಳುತ್ತಾರೆ. ಸಂಸ್ಥೆಯಲ್ಲಿ ಕಳೆದ ಪ್ರತಿ ಮೂರು ತಿಂಗಳಿಗೆ ಎತ್ತರ ಸುಮಾರು ಒಂದು ತಿಂಗಳು ಹಿಂದೆ ಬೀಳುತ್ತದೆ ಅಂತ. ನಮ್ಮ ಮಗ ಹುಟ್ಟಿದಾಗಿನಿಂದ ಸಂಸ್ಥೆಯಲ್ಲೇ ಇದ್ದವನು. 26 ತಿಂಗಳಿಗೆ 81 ಸೆಂಟಿಮೀಟರ್, 9.6 ಕಿಲೋ. 81 ಸೆಂಟಿಮೀಟರ್ ಅಂದರೆ ಹೆಚ್ಚೂಕಡಿಮೆ 17 ತಿಂಗಳ ಗಂಡು ಮಗುವಿನ ಸರಾಸರಿ ಎತ್ತರ. ಒಂಬತ್ತು ತಿಂಗಳ ಸಾಲ, ಅಂದಾಜಿನ ಪ್ರಕಾರವೇ. ಮೊದಲ ವರ್ಷದಲ್ಲಿ ಹನ್ನೊಂದೂವರೆ ಸೆಂಟಿಮೀಟರ್ ಬೆಳೆದ. ಆ ವಯಸ್ಸಿಗೆ ಎಂಟೊಂಬತ್ತು ಮಾಮೂಲು. ಸಾಲ ಪೂರ್ತಿ ತೀರಿಲ್ಲ, ಬಡ್ಡಿ ನಿಂತಿದೆ.

ಒಂದು ಸಣ್ಣ ಮೋಸದ ಬಗ್ಗೆ ಎಚ್ಚರ. ಅಮೆರಿಕದಲ್ಲಿ ಎರಡು ವರ್ಷದವರೆಗೆ ವಿಶ್ವ ಆರೋಗ್ಯ ಸಂಸ್ಥೆಯ ಚಾರ್ಟ್, ಆಮೇಲೆ ಇಲ್ಲಿನ ಸರ್ಕಾರಿ ಆರೋಗ್ಯ ಸಂಸ್ಥೆ ಸಿಡಿಸಿಯ ಚಾರ್ಟ್. ಜೊತೆಗೆ ಮಲಗಿಸಿ ಅಳೆಯುತ್ತಿದ್ದವರು ನಿಲ್ಲಿಸಿ ಅಳೆಯಲು ಶುರುಮಾಡುತ್ತಾರೆ. ನಿಂತರೆ ಮಗು ಸುಮಾರು 0.7 ಸೆಂಟಿಮೀಟರ್ ಗಿಡ್ಡ ಕಾಣುತ್ತದೆ. ಊರಿನ ಕಡತದ ಅಳತೆ ಮಲಗಿಸಿ ತೆಗೆದದ್ದು, ಇಲ್ಲಿನದು ನಿಲ್ಲಿಸಿ ತೆಗೆದದ್ದು. ಎರಡನ್ನೂ ಒಂದೇ ಗೆರೆಯಲ್ಲಿ ಇಟ್ಟರೆ ಮಗು ಕುಗ್ಗಿದ ಹಾಗೆ ಕಾಣಬಹುದು. ನಾನು ಆ ದಿನ ಕಾರಿನಲ್ಲಿ ಕೂತು ಅತ್ತಿದ್ದೆ. ಸುಮ್ನೆ.

ತಲೆಯ ಸುತ್ತಳತೆಯನ್ನೂ ಪ್ರತಿ ಸಲ ಅಳೆಯಲು ಹೇಳಿ. ಎರಡು ವರ್ಷ ದಾಟಿದ ಮೇಲೆ ಹಲವು ಕಡೆ ಬಿಟ್ಟುಬಿಡುತ್ತಾರೆ. ಈ ಮಕ್ಕಳಿಗೆ ಅದು ಬೇಕು.

ಇಲ್ಲಿಗೆ ಬಂದ ತಕ್ಷಣ ಯಾವ ಪರೀಕ್ಷೆ ಮಾಡಿಸಬೇಕು?

ಎರಡು ವಾರದೊಳಗೆ ಮಕ್ಕಳ ಡಾಕ್ಟರಿಗೆ ತೋರಿಸಿ. ವಿದೇಶದಿಂದ ದತ್ತು ಬಂದ ಮಕ್ಕಳಿಗೆಂದೇ ಕ್ಲಿನಿಕ್‌ಗಳಿವೆ. ಮಿನ್ನೆಸೋಟ ವಿಶ್ವವಿದ್ಯಾಲಯದಲ್ಲಿ 1986ರಲ್ಲೇ ಶುರುವಾಗಿತ್ತು. ಹತ್ತಿರ ಇದ್ದರೆ ಒಂದು ಸಲವಾದರೂ ಹೋಗಿ.

ಮಾಮೂಲಾಗಿ ಮಾಡುವುದು: ರಕ್ತದ ಪೂರ್ತಿ ಎಣಿಕೆ, ಕಬ್ಬಿಣ, ಸೀಸ, ಥೈರಾಯ್ಡ್, ವಿಟಮಿನ್ ಡಿ, ಹೆಪಟೈಟಿಸ್ ಬಿ ಮತ್ತು ಸಿ, ಎಚ್‌ಐವಿ, ಸಿಫಿಲಿಸ್, ಕ್ಷಯ, ಮಲ ಪರೀಕ್ಷೆ. ಊರಲ್ಲಿ ಎಲ್ಲ ನೆಗೆಟಿವ್ ಬಂದಿದೆ ಅಂತ ಬಿಡಬೇಡಿ. ಕ್ಷಯದ ಪರೀಕ್ಷೆಯನ್ನು ಮೂರರಿಂದ ಆರು ತಿಂಗಳ ನಂತರ ಮತ್ತೊಮ್ಮೆ ಮಾಡುತ್ತಾರೆ. ಕ್ಷಯದ ಲಸಿಕೆ ಬಿಸಿಜಿ ಹಾಕಿಸಿಕೊಂಡ ಮಗುವಿಗೆ ಚರ್ಮದ ಪರೀಕ್ಷೆ ಸುಳ್ಳು ಪಾಸಿಟಿವ್ ತೋರಿಸಬಹುದು, ಆದ್ದರಿಂದ ಎರಡು ವರ್ಷ ದಾಟಿದವರಿಗೆ ರಕ್ತದ ಪರೀಕ್ಷೆ ಒಳ್ಳೆಯದು. ತೋಳಿನ ಬಿಸಿಜಿ ಕಲೆ ನೋಡಿ ನಮ್ಮ ನರ್ಸ್ ಇದೇನು ಗಾಯ ಅಂತ ಕೇಳಿದ್ದರು!

ಕಬ್ಬಿಣದ ಮಟ್ಟವನ್ನು ಮೂರ್ನಾಲ್ಕು ತಿಂಗಳ ಮೇಲೆ ಮತ್ತೆ ನೋಡಿಸಿ. ಮಗು ಬೇಗ ಬೇಗ ಬೆಳೆಯಲು ಶುರುಮಾಡಿದಾಗ ಇದ್ದ ಕಬ್ಬಿಣವೂ ಖರ್ಚಾಗಿಬಿಡುತ್ತದೆ. ತಿಂತಾ ಇದ್ದಾನಲ್ಲ, ಯಾಕೆ ಕಡಿಮೆ ಆಯಿತು ಅಂತ ಗಾಬರಿಯಾಗುವುದು ಆಗಲೇ.

ಬೆನ್ನು, ಸೊಂಟದ ಮೇಲೆ ಹುಟ್ಟಿನಿಂದಲೇ ಬರುವ ನೀಲಿ ಮಚ್ಚೆ ನಮ್ಮ ಮಕ್ಕಳಲ್ಲಿ ಮಾಮೂಲು. ಇಲ್ಲಿ ಅದನ್ನು ಹೊಡೆದ ಗಾಯ ಅಂದುಕೊಳ್ಳುವವರಿದ್ದಾರೆ. ಮೊದಲ ಭೇಟಿಯಲ್ಲೇ ಡಾಕ್ಟರ ಕೈಯಲ್ಲಿ ಬರೆಸಿಡಿ.

ಕಿವಿ ಮತ್ತು ಕಣ್ಣಿನ ಪರೀಕ್ಷೆ ಮರೆಯಬೇಡಿ. ಮಾತು ತಡ ಅಂತ ಥೆರಪಿ ಶುರುಮಾಡುವ ಮೊದಲು ಕಿವಿ ಕೇಳಿಸುತ್ತಾ ಅಂತ ಗೊತ್ತಾಗಬೇಕು.

ಲಸಿಕೆ ಎಲ್ಲ ಮೊದಲಿನಿಂದ ಹಾಕಿಸಬೇಕಾ?

ಸರಿಯಾದ ದಾಖಲೆ ಇದ್ದರೆ ಬೇಡ. ಆದರೆ ಊರಲ್ಲಿ ಒಂಬತ್ತು ತಿಂಗಳಿಗೆ ಹಾಕುವ ಎಂಆರ್ (ದಡಾರ, ರುಬೆಲ್ಲಾ ಲಸಿಕೆ) ಇಲ್ಲಿ ಲೆಕ್ಕಕ್ಕಿಲ್ಲ, ಏಕೆಂದರೆ ಹನ್ನೆರಡು ತಿಂಗಳಿಗೆ ಮೊದಲು ಹಾಕಿದ್ದನ್ನು ಇಲ್ಲಿ ಎಣಿಸುವುದಿಲ್ಲ. ಅದರಲ್ಲಿ ಮಂಪ್ಸ್ ಕೂಡ ಇಲ್ಲ. ಚಿಕನ್‌ಪಾಕ್ಸ್, ಹೆಪಟೈಟಿಸ್ ಎ ಸರ್ಕಾರಿ ಪಟ್ಟಿಯಲ್ಲಿಲ್ಲ, ಅವನ್ನು ಇಲ್ಲಿ ಹಾಕಿಸಬೇಕು. ದಾಖಲೆ ಬಗ್ಗೆ ಅನುಮಾನ ಇದ್ದರೆ ಕೆಲವಕ್ಕೆ ರಕ್ತದಲ್ಲಿ ಪ್ರತಿಕಾಯ ನೋಡುತ್ತಾರೆ.

ಮೈಲಿಗಲ್ಲುಗಳ ಫಾರಂ ತುಂಬಿದರೆ ಅರ್ಧಕ್ಕರ್ಧ "ಇಲ್ಲ" ಬರುತ್ತದೆ. ಏನು ಮಾಡಲಿ?

"ಇಲ್ಲ" ಅಂತಲೇ ಬರೆಯಿರಿ. ಆದರೆ ಪಕ್ಕದಲ್ಲಿ ಕಾರಣ ಬರೆಯಿರಿ.

ಡಾಕ್ಟರು ಕೊಡುವ ಎಎಸ್‌ಕ್ಯೂ ಫಾರಂನಂಥವು ಮನೆಯಲ್ಲಿ ಬೆಳೆದ ಮಕ್ಕಳನ್ನು ಮನಸ್ಸಿನಲ್ಲಿಟ್ಟುಕೊಂಡು ಕೇಳುತ್ತವೆ. ಮೆಟ್ಟಿಲು ಹತ್ತುತ್ತಾನಾ? ನಮ್ಮವನು ಇದ್ದ ಕಟ್ಟಡಕ್ಕೆ ಒಂದೇ ಅಂತಸ್ತು. ಚಮಚದಲ್ಲಿ ತಾನೇ ತಿನ್ನುತ್ತಾನಾ? ಅಲ್ಲಿ ಆಯಾ ಸಾಲಾಗಿ ಕೂರಿಸಿ ತುತ್ತು ಹಾಕುತ್ತಿದ್ದರು. ಚೆಂಡು ಒದೆಯುತ್ತಾನಾ? ಚೆಂಡನ್ನೇ ನೋಡಿರಲಿಲ್ಲ. ಹುಲ್ಲಿನ ಮೇಲೆ ಇಳಿಸಿದರೆ ಕಾಲು ಮೇಲೆತ್ತಿ ನನ್ನ ಕುತ್ತಿಗೆಗೆ ಜೋತುಬೀಳುತ್ತಿದ್ದ. ಬರಿಗಾಲಿಗೆ ಹುಲ್ಲು ತಾಗಿದ್ದೇ ಮೊದಲು.

ಅವಕಾಶ ಸಿಗದೆ ಬಾರದ್ದು ಒಂದು, ಅವಕಾಶ ಸಿಕ್ಕಿಯೂ ಬಾರದ್ದು ಇನ್ನೊಂದು. ಮೆಟ್ಟಿಲು ಹತ್ತುವುದನ್ನು ನಮ್ಮವನು ಹನ್ನೊಂದು ದಿನದಲ್ಲಿ ಕಲಿತ. ಅದು ಮೊದಲನೇ ಥರದ್ದು. ಎರಡೂ ಕಾಲು ಎತ್ತಿ ಜಿಗಿಯುವುದು ಎರಡೂವರೆ ವರ್ಷಕ್ಕೆ ಬರಬೇಕು ಅನ್ನುತ್ತಾರೆ. ದಿನಾ ಆಡಿಸಿದರೂ ಏಳು ತಿಂಗಳು ಬರಲಿಲ್ಲ. ಅದಕ್ಕೆ ಫಿಸಿಕಲ್ ಥೆರಪಿ ಬೇಕಾಯಿತು. ಆದ್ದರಿಂದ ಮೊದಲ ಫಾರಂಗಿಂತ ಮೂರು ತಿಂಗಳ ನಂತರದ ಎರಡನೇ ಫಾರಂ ಜಾಸ್ತಿ ಹೇಳುತ್ತದೆ.

ಫಾರಂನಲ್ಲಿ ಇಲ್ಲದ್ದೂ ನಡೆಯುತ್ತಿರುತ್ತದೆ. ಮೊದಲೆಲ್ಲ ಮಗ ಪಾರ್ಕಿನಲ್ಲಿ ಬಿದ್ದರೆ ತಾನೇ ಎದ್ದು, ಮಂಡಿ ಒರೆಸಿಕೊಂಡು ಮುಂದೆ ಹೋಗುತ್ತಿದ್ದ. ತಿರುಗಿ ನೋಡುತ್ತಲೇ ಇರಲಿಲ್ಲ. ಎಷ್ಟು ಗಟ್ಟಿ ಹುಡುಗ ಅಂತ ಬೇರೆ ತಾಯಂದಿರು ಹೊಗಳುತ್ತಿದ್ದರು. ನನಗೆ ಹೊಟ್ಟೆಯೊಳಗೆ ತಣ್ಣಗಾಗುತ್ತಿತ್ತು. ಬಿದ್ದಾಗ ಅಳುವುದಕ್ಕೂ ಕೇಳಿಸಿಕೊಳ್ಳುವವರು ಇದ್ದಾರೆ ಅಂತ ಗೊತ್ತಿರಬೇಕು. ಐದನೇ ತಿಂಗಳಲ್ಲಿ ಒಂದು ಸಂಜೆ ಬೆರಳಿಗೆ ಏನೋ ತಾಗಿತು. ಗೆರೆಯಷ್ಟೂ ಗಾಯ ಇಲ್ಲ. ಇಡೀ ಹಾಲ್ ದಾಟಿ, ಅಡುಗೆಮನೆಗೆ ಬಂದು, ಬೆರಳು ಎತ್ತಿ ಹಿಡಿದು "ಅಮ್ಮ, ಉಬ್ಬು" ಅಂದ. ಉಫ್ ಅಂತ ಊದು ಅಂತ. ಊದಿದೆ. ಒಲೆ ಮೇಲಿದ್ದ ಸಾರು ಉಕ್ಕಿಹೋಯಿತು. ನೋಟ್‌ಬುಕ್ಕಿನಲ್ಲಿ ಆ ದಿನ ಬೇರೇನೂ ಬರೆದಿಲ್ಲ.

ಮನೆಯಲ್ಲಿ ಕನ್ನಡ ಬಿಟ್ಟು ಇಂಗ್ಲಿಷ್ ಮಾತಾಡಿ ಅಂತ ಹೇಳಿದ್ದಾರೆ. ಬಿಡಬೇಕಾ?

ಬಿಡಬೇಡಿ. ನಮಗೂ ಒಬ್ಬರು ಥೆರಪಿಸ್ಟ್ ಹೀಗೇ ಹೇಳಿದ್ದರು. ಎರಡು ಭಾಷೆ ಕೇಳಿಸಿಕೊಂಡರೆ ಮಾತು ತಡವಾಗುತ್ತದೆ ಅನ್ನುವುದು ಹಳೇ ನಂಬಿಕೆ, ಸಂಶೋಧನೆ ಅದನ್ನು ಒಪ್ಪುವುದಿಲ್ಲ.

ಒಂದು ವಿಷಯ ಯೋಚಿಸಿ. ವಿದೇಶದಿಂದ ದತ್ತು ಬರುವ ಹೆಚ್ಚಿನ ಮಕ್ಕಳು ವಿಮಾನ ಇಳಿದ ದಿನವೇ ಮೊದಲ ಭಾಷೆ ಕಳೆದುಕೊಳ್ಳುತ್ತಾರೆ. ಮನೆಯಲ್ಲಿ ಅದನ್ನು ಆಡುವವರು ಇರುವುದಿಲ್ಲ. ತಿಂಗಳುಗಳಲ್ಲಿ ಮರೆತೂಬಿಡುತ್ತಾರೆ. ಹೊಸ ಭಾಷೆಯನ್ನು ಸೊನ್ನೆಯಿಂದ ಕಲಿಯಬೇಕು. ಕರ್ನಾಟಕದ ಮಗು ಕನ್ನಡದ ಮನೆಗೆ ಬಂದರೆ ಆ ಒಂದು ನಷ್ಟ ತಪ್ಪುತ್ತದೆ. ಅದನ್ನು ಕೈಯಾರೆ ಯಾಕೆ ಕಳೆಯಬೇಕು? ಇಂಗ್ಲಿಷ್ ಇಲ್ಲಿ ಗಾಳಿಯಲ್ಲೇ ಇದೆ, ಬಂದೇ ಬರುತ್ತದೆ.

ನಮ್ಮದು ಮೈಸೂರು ಕನ್ನಡ, ಅವನದು ಆಯಾಗಳ ಕನ್ನಡ. ನಾವು "ಬೇಡ" ಅಂದರೆ ಅವನು "ಬ್ಯಾಡ". ನನ್ನ ಗಂಡ ವಾರದಲ್ಲೇ "ಬ್ಯಾಡ" ಅನ್ನಲು ಶುರುಮಾಡಿದರು. ಈಗ ಮನೆಯಲ್ಲಿ ಎರಡೂ ನಡೆಯುತ್ತದೆ.

ಮಗು ಒಡಿಶಾದಿಂದಲೋ ಮಹಾರಾಷ್ಟ್ರದಿಂದಲೋ ಬಂದಿದ್ದರೆ ಹೊರಡುವ ಮೊದಲು ಅಲ್ಲಿನ ಭಾಷೆಯಲ್ಲಿ ಇಪ್ಪತ್ತು ಮಾತು ಕಲಿತುಕೊಳ್ಳಿ. ನೀರು, ಊಟ, ಸಾಕು, ನೋವು, ಉಚ್ಚೆ, ಬಾ, ಹೆದರಬೇಡ, ಇಂಥವು.

ಎಷ್ಟು ಮಾತು ಬರಬೇಕು? ಹೇಗೆ ಎಣಿಸುವುದು?

ಸಿಡಿಸಿಯವರು 2022ರಲ್ಲಿ ಪರಿಷ್ಕರಿಸಿದ ಪಟ್ಟಿಯಲ್ಲಿ ಎರಡು ವರ್ಷಕ್ಕೆ ಎರಡು ಪದ ಸೇರಿಸಿ ಆಡುವುದು, ಎರಡೂವರೆ ವರ್ಷಕ್ಕೆ ಸುಮಾರು 50 ಪದ ಇದೆ. ಮಕ್ಕಳಲ್ಲಿ ನೂರಕ್ಕೆ 75 ಅಥವಾ ಅದಕ್ಕಿಂತ ಜಾಸ್ತಿ ಮಂದಿ ಆ ವಯಸ್ಸಿಗೆ ಮಾಡುವಂಥದ್ದನ್ನು ಮಾತ್ರ ಅದರಲ್ಲಿ ಇಟ್ಟಿದ್ದಾರೆ.

ಎಣಿಸುವಾಗ ಕನ್ನಡದವರು ಮಗುವಿಗೆ ಅನ್ಯಾಯ ಮಾಡಿಬಿಡುತ್ತೇವೆ. ಬುವ್ವ, ತಾಚಿ, ಟಾಟಾ, ಉಬ್ಬು ಇವೆಲ್ಲ ಪದಗಳೇ. ಪ್ರತಿ ಸಲ ಒಂದೇ ವಸ್ತುವಿಗೆ ಒಂದೇ ಶಬ್ದ ಬಳಸಿದರೆ ಅದು ಪದ. ನಾನು ಮೊದಲ ಸಲ "ನಾಲ್ಕು ಪದ" ಅಂತ ಬರೆದಿದ್ದೆ. ಇವನ್ನು ಸೇರಿಸಿದ ಮೇಲೆ ಹದಿಮೂರಾಯಿತು.

ಎರಡು ಪದ ಸೇರಿಸುತ್ತಾನಾ ಅನ್ನುವ ಪ್ರಶ್ನೆ ಇನ್ನೂ ಕಷ್ಟದ್ದು. ಇಂಗ್ಲಿಷ್ ಮಗು ಮೂರ್ನಾಲ್ಕು ಪದ ಜೋಡಿಸಿ ಹೇಳುವುದನ್ನು ನಮ್ಮ ಮಗು "ಬರಲ್ಲ" ಅಂತ ಮುಗಿಸುತ್ತದೆ. "ಹೋಗ್ತೀನಿ" ಅಂದರೆ ಯಾರು, ಏನು ಎರಡೂ ಅದರಲ್ಲೇ ಇದೆ. "ಮನೇಲಿ" ಅಂದರೂ ಹಾಗೇ. ಮೊದಲು "ಮನೆ" ಮಾತ್ರ ಅನ್ನುತ್ತಿದ್ದವನು "ಮನೇಲಿ", "ಮನೆಗೆ" ಅಂತ ಬಾಲ ಬದಲಿಸಲು ಶುರುಮಾಡಿದರೆ ಅದು ದೊಡ್ಡ ಹೆಜ್ಜೆ. ಥೆರಪಿಸ್ಟ್‌ಗೆ ಕನ್ನಡ ಬರುವುದಿಲ್ಲ, ನೀವೇ ಬಿಡಿಸಿ ಹೇಳಬೇಕು. ನಾನು ಒಂದು ಹಾಳೆಯಲ್ಲಿ ಪದ, ಬಾಲ, ಅರ್ಥ ಅಂತ ಮೂರು ಸಾಲು ಹಾಕಿ ಕೊಟ್ಟೆ. ಆಕೆ ಅದನ್ನು ಫೈಲಿಗೆ ಸೇರಿಸಿದರು.

ರಜೆಗೆ ಊರಿಗೆ ಹೋದರೆ ಮೈಸೂರಿನ ಮಾನಸಗಂಗೋತ್ರಿಯಲ್ಲಿ ವಾಕ್ ಶ್ರವಣ ಸಂಸ್ಥೆ ಇದೆ. 1965ರಿಂದ ಇರುವಂಥದ್ದು. ಮಾತು ಮತ್ತು ಕಿವಿ ಎರಡನ್ನೂ ಕನ್ನಡದಲ್ಲೇ ನೋಡುವವರು ಅಲ್ಲಿ ಸಿಗುತ್ತಾರೆ.

ಅರ್ಲಿ ಇಂಟರ್‌ವೆನ್ಷನ್‌ಗೆ ಯಾವಾಗ ಫೋನ್ ಮಾಡಬೇಕು?

ಮನೆಗೆ ಬಂದ ಮೊದಲ ವಾರವೇ. ಬೆಳವಣಿಗೆ ತಡವಾದ ಚಿಕ್ಕ ಮಕ್ಕಳಿಗೆ ಥೆರಪಿ ಕೊಡುವ ಇಲ್ಲಿನ ಸರ್ಕಾರಿ ವ್ಯವಸ್ಥೆ ಅದು. ಸ್ವಲ್ಪ ಹೊಂದಿಕೊಳ್ಳಲಿ, ಆಮೇಲೆ ನೋಡೋಣ ಅಂತ ಡಾಕ್ಟರು ಹೇಳಬಹುದು. ಕೇಳಬೇಡಿ. ಈ ವ್ಯವಸ್ಥೆ ಮೂರನೇ ಹುಟ್ಟುಹಬ್ಬದ ದಿನ ಮುಗಿಯುತ್ತದೆ, ಅದೂ ಪಾಸ್‌ಪೋರ್ಟಿನ ಹುಟ್ಟುಹಬ್ಬ. ನಮಗೆ ಇದ್ದದ್ದು ಹತ್ತೇ ತಿಂಗಳು. ಫೋನ್ ಮಾಡಿದ ಮೇಲೆ 45 ದಿನದೊಳಗೆ ಮಗುವನ್ನು ನೋಡಿ, ಯೋಜನೆ ಮಾಡುವ ಸಭೆ ನಡೆಸಬೇಕು ಅಂತ ಫೆಡರಲ್ ಕಾನೂನಿದೆ. ನೋಡಿ ತೀರ್ಮಾನಿಸುವುದಕ್ಕೆ ದುಡ್ಡಿಲ್ಲ. ಥೆರಪಿಗೆ ಕೆಲವು ರಾಜ್ಯಗಳಲ್ಲಿ ಆದಾಯ ನೋಡಿ ಶುಲ್ಕ ಇರುತ್ತದೆ. ಡಾಕ್ಟರ ಚೀಟಿ ಬೇಕಿಲ್ಲ, ತಂದೆತಾಯಿಯೇ ಫೋನ್ ಮಾಡಬಹುದು. ಮೂರು ದಾಟಿದ ಮೇಲೆ ಜವಾಬ್ದಾರಿ ನಿಮ್ಮ ಊರಿನ ಶಾಲಾ ಜಿಲ್ಲೆಯದು.

ಬಂದ ಎರಡೇ ದಿನಕ್ಕೆ ಎಲ್ಲರ ತೊಡೆಗೂ ಹೋಗುತ್ತಾನೆ. ಒಳ್ಳೆಯದೇ ಅಲ್ವಾ?

ಕನ್ನಡ ಸಂಘದ ಯುಗಾದಿಯಲ್ಲಿ ನಮ್ಮ ಮಗ ಇಪ್ಪತ್ತು ಜನರ ತೊಡೆ ಮೇಲೆ ಕೂತು ಬಂದ. ಎಷ್ಟು ಬೇಗ ಹೊಂದಿಕೊಂಡ ಅಂತ ಎಲ್ಲರಿಗೂ ಖುಷಿ. ಎರಡು ವರ್ಷದ ಮಗು ಗುರುತಿಲ್ಲದವರನ್ನು ಕಂಡರೆ ಅಮ್ಮನ ಸೆರಗು ಹಿಡಿಯಬೇಕು. ಯಾರಾದರೂ ಸರಿ ಅಂತ ಹೋದರೆ, "ನನ್ನವರು" ಅನ್ನುವವರು ಇನ್ನೂ ಯಾರೂ ಇಲ್ಲ ಅಂತ ಅರ್ಥ. ಪಾಳಿ ಬದಲಾದ ಹಾಗೆ ಆಯಾ ಬದಲಾಗುವ ಜಾಗದಲ್ಲಿ ಬೆಳೆದವನಿಗೆ ನಗುವುದು ಊಟ ಸಿಗುವ ದಾರಿ.

ಮೊದಲ ಕೆಲವು ತಿಂಗಳು ಊಟ ಮಾಡಿಸುವುದು, ಸ್ನಾನ ಮಾಡಿಸುವುದು, ಮಲಗಿಸುವುದು, ಅತ್ತಾಗ ಎತ್ತಿಕೊಳ್ಳುವುದು ಅಪ್ಪ ಅಮ್ಮ ಮಾತ್ರ ಮಾಡಿ. ಬೇರೆಯವರು ಆಡಿಸಲಿ, ನಗಿಸಲಿ.

ಇದನ್ನು ಅಜ್ಜಿಗೆ ಹೇಗೆ ಹೇಳುವುದು?

ಇದಕ್ಕೆ ಸುಲಭದ ಉತ್ತರ ಇಲ್ಲ. ಅತ್ತೆ ಆರು ತಿಂಗಳಿಗೆ ಅಂತ ಮೈಸೂರಿನಿಂದ ಬಂದಿದ್ದರು. ಮೊಮ್ಮಗನಿಗೆ ಅಂತ ಬೆಳ್ಳಿ ಬಟ್ಟಲು ತಂದಿದ್ದರು. ತುತ್ತು ನೀವು ಹಾಕಬೇಡಿ ಅಂತ ಹೇಗೆ ಹೇಳಲಿ? ಹೇಳಿದೆ. ಎರಡು ದಿನ ಮಾತಿಲ್ಲ. "ನಾನು ಮೂರು ಮಕ್ಕಳನ್ನ ಸಾಕಿದ್ದೀನಮ್ಮ" ಅಂತ ಮಾತ್ರ ಒಂದು ಸಲ ಅಂದರು.

ದಾರಿ ಅವರೇ ಹುಡುಕಿದರು. ಬೆಳ್ಳಿ ಬಟ್ಟಲಲ್ಲಿ ಅನ್ನ ಕಲಸಿ, ಉಂಡೆ ಮಾಡಿ, ನನ್ನ ಕೈಗೆ ಕೊಡುತ್ತಿದ್ದರು. ನಾನು ಅವನ ಬಾಯಿಗೆ ಇಡುತ್ತಿದ್ದೆ. ಕಥೆ ಅವರು ಹೇಳುತ್ತಿದ್ದರು. ಎರಡು ತಿಂಗಳ ನಂತರ ಅವನೇ ಒಂದು ದಿನ ನನ್ನ ಕೈ ಸರಿಸಿ ಅಜ್ಜಿಯ ಕಡೆ ಬಾಯಿ ತೆರೆದ. ನನಗೆ ಸ್ವಲ್ಪ ಹೊಟ್ಟೆಕಿಚ್ಚಾಯಿತು ಅಂತ ಒಪ್ಪಿಕೊಳ್ಳುತ್ತೇನೆ.

ಚಪಾತಿ ಬಚ್ಚಿಡುತ್ತಾನೆ, ಹೊಟ್ಟೆ ತುಂಬಿದರೂ ನಿಲ್ಲಿಸುವುದಿಲ್ಲ.

ಬೈಯಬೇಡಿ, ಕಿತ್ತುಕೊಳ್ಳಬೇಡಿ. ಅವನ ಕೈಗೆಟಕುವ ಜಾಗದಲ್ಲಿ ಒಂದು ಡಬ್ಬಿ ಇಡಿ, ಅದರಲ್ಲಿ ಸದಾ ಏನಾದರೂ ಇರಲಿ. ಖಾಲಿಯಾಗದ ಡಬ್ಬಿ ಅಂತ ನಂಬಿಕೆ ಬಂದ ಮೇಲೆ ಬಚ್ಚಿಡುವುದು ತಾನೇ ಕಡಿಮೆಯಾಗುತ್ತದೆ. ನಮ್ಮಲ್ಲಿ ಎಂಟು ತಿಂಗಳು ಹಿಡಿಯಿತು. ತೊಳೆಯಲು ಹಾಕಿದ ಪ್ಯಾಂಟಿನ ಜೇಬಲ್ಲಿ ಇಡ್ಲಿ ಸಿಕ್ಕಿದ್ದಿದೆ.

ನಿದ್ದೆ?

ಬೇರೆ ರೂಮು, ತೊಟ್ಟಿಲು, ಅಳಲು ಬಿಟ್ಟು ಅಭ್ಯಾಸ ಮಾಡಿಸುವುದು ಈ ಮಕ್ಕಳಿಗೆ ಆಗಿಬರುವುದಿಲ್ಲ. ಪಕ್ಕದಲ್ಲೇ ಹಾಸಿಗೆ ಹಾಕಿ. ನಮ್ಮ ಕಡೆ ಹೇಗೂ ಹಾಗೇ ಅಲ್ವಾ.

ಆಟಿಸಂ ಇರಬಹುದು ಅಂದಿದ್ದಾರೆ. ನಂಬಬೇಕಾ?

ಇರಬಹುದು, ಇಲ್ಲದೆಯೂ ಇರಬಹುದು. ಸಂಸ್ಥೆಯಲ್ಲಿ ಬೆಳೆದ ಮಕ್ಕಳು ಮೈ ತೂಗುವುದು, ಕೈ ನೋಡಿಕೊಳ್ಳುವುದು, ಕಣ್ಣು ತಪ್ಪಿಸುವುದು ಸಾಮಾನ್ಯ. 16ರಿಂದ 30 ತಿಂಗಳ ಮಕ್ಕಳಿಗೆ ಕೊಡುವ ಎಂ-ಚಾಟ್ ಪ್ರಶ್ನಾವಳಿಯಲ್ಲಿ ಬಂದ ಹೊಸದರಲ್ಲಿ ಅಂಕ ಜಾಸ್ತಿಯೇ ಬರುತ್ತದೆ. ಹಲವರಲ್ಲಿ ಈ ಲಕ್ಷಣಗಳು ತಿಂಗಳುಗಳಲ್ಲಿ ಕರಗುತ್ತವೆ. ಕೆಲವರಲ್ಲಿ ಕರಗುವುದಿಲ್ಲ, ಅವರಿಗೆ ನಿಜವಾಗಿಯೂ ಆಟಿಸಂ ಇರುತ್ತದೆ. ಹೆಸರು ಏನೇ ಇರಲಿ, ಥೆರಪಿ ಶುರುಮಾಡಿ. ಆರು ತಿಂಗಳಾದರೂ ಬೇಕಾದ್ದನ್ನು ಬೆರಳು ತೋರಿಸಿ ಕೇಳದಿದ್ದರೆ, ನೀವು ತೋರಿಸಿದ ಕಡೆ ನೋಡದಿದ್ದರೆ, ಬಂದಿದ್ದ ಮಾತು ಹೋದರೆ ಕಾಯಬೇಡಿ.

ಎರಡು ವರ್ಷ ದಾಟಿದ ಮೇಲೆ ಬಂದರೆ ತಡವಾಯಿತಾ?

ರೊಮೇನಿಯಾದ ಬುಕಾರೆಸ್ಟ್‌ನಲ್ಲಿ 2000ರಲ್ಲಿ ಶುರುವಾದ ಅಧ್ಯಯನವೊಂದಿದೆ. ಸಂಸ್ಥೆಗಳಲ್ಲಿದ್ದ 136 ಚಿಕ್ಕ ಮಕ್ಕಳಲ್ಲಿ ಅರ್ಧದಷ್ಟು ಮಂದಿಯನ್ನು ಸಾಕು ಕುಟುಂಬಗಳಿಗೆ ಕಳುಹಿಸಿ ವರ್ಷಗಟ್ಟಲೆ ಗಮನಿಸಿದರು. ಎರಡು ವರ್ಷಕ್ಕೆ ಮೊದಲು ಕುಟುಂಬಕ್ಕೆ ಹೋದವರು ಹೆಚ್ಚು ಚೇತರಿಸಿಕೊಂಡರು. ನಮ್ಮವನು 26 ತಿಂಗಳು. ಇದನ್ನು ಓದಿದ ರಾತ್ರಿ ನಾನು ನಿದ್ದೆ ಮಾಡಲಿಲ್ಲ. ಆದರೆ ಅದು ಗುಂಪಿನ ಸರಾಸರಿ. 24 ತಿಂಗಳಿಗೆ ಬಾಗಿಲು ಮುಚ್ಚುತ್ತದೆ ಅಂತಲ್ಲ. ಒಟ್ಟಾರೆ ನೋಡಿದರೆ, ಕುಟುಂಬಕ್ಕೆ ಹೋದವರು ಸಂಸ್ಥೆಯ ಆರೈಕೆಯಲ್ಲಿ ಉಳಿದವರಿಗಿಂತ ಮುಂದಿದ್ದರು.

ಕಾರಾಗೆ ವರದಿ ಕಳಿಸಬೇಕಂತೆ. ಮಗು ಹಿಂದುಳಿದಿದೆ ಅಂತ ಬರೆದರೆ ತೊಂದರೆಯಾ?

ಕಾರಾ ಅಂದರೆ ದತ್ತು ವಿಷಯ ನೋಡಿಕೊಳ್ಳುವ ಭಾರತ ಸರ್ಕಾರದ ಸಂಸ್ಥೆ. ಅಲ್ಲಿಗೆ ಎರಡು ವರ್ಷ ವರದಿ ಹೋಗುತ್ತದೆ. ಮೊದಲ ವರ್ಷ ಮೂರು ತಿಂಗಳಿಗೊಮ್ಮೆ, ಎರಡನೇ ವರ್ಷ ಆರು ತಿಂಗಳಿಗೊಮ್ಮೆ, ಒಟ್ಟು ಆರು. ಇಲ್ಲಿನ ಏಜೆನ್ಸಿಯ ಸೋಷಿಯಲ್ ವರ್ಕರ್ ಮನೆಗೆ ಬಂದು ನೋಡಿ ಬರೆಯುತ್ತಾರೆ. ಮಾತು ತಡ ಅಂತ ಯಾರೂ ಮಗುವನ್ನು ವಾಪಸ್ ಕರೆಸಿಕೊಳ್ಳುವುದಿಲ್ಲ. ಮೊದಲ ಸಲ ನಾನು ಮನೆಯನ್ನು ಹಬ್ಬಕ್ಕೆ ಅಲಂಕರಿಸಿದ ಹಾಗೆ ಮಾಡಿದ್ದೆ. ಬಂದವರು ಹೋಗುವಾಗ, ಮುಂದಿನ ಸಲ ಆಟಿಕೆ ಎತ್ತಿಡಬೇಡಿ ಅಂದರು.

ನಾವು ಎಚ್-1ಬಿ ವೀಸಾದಲ್ಲಿದ್ದೇವೆ. ಹೀಗೇ ಕರೆತರಬಹುದಾ?

ಇದೇ ದಾರಿಯಲ್ಲಿ ಆಗುವುದಿಲ್ಲ. ದೇಶದಿಂದ ದೇಶಕ್ಕೆ ದತ್ತು ಕೊಡುವ ಬಗೆಗಿನ ಹೇಗ್ ಒಪ್ಪಂದದ ಪ್ರಕಾರ ಮಗುವನ್ನು ಅಮೆರಿಕಕ್ಕೆ ಕರೆತರುವ ಐ-800 ಅರ್ಜಿ ಹಾಕಲು ಅಮೆರಿಕದ ಪೌರರೇ ಆಗಬೇಕು, ಗಂಡ ಹೆಂಡತಿಯಲ್ಲಿ ಒಬ್ಬರಾದರೂ. ಕಾರಾಗೆ ಅರ್ಜಿ ಹಾಕುವ ಮೊದಲೇ ಇಮಿಗ್ರೇಷನ್ ವಕೀಲರನ್ನು ಕೇಳಿ.

ದತ್ತು ಅಂತ ಮಗುವಿಗೆ ಯಾವಾಗ ಹೇಳುವುದು?

ಮೊದಲ ದಿನದಿಂದಲೇ, ಅರ್ಥವಾಗದ ವಯಸ್ಸಿನಲ್ಲೇ. ಒಂದು ದಿನ ಕೂರಿಸಿ ಹೇಳುವ ಸುದ್ದಿ ಆಗಬಾರದು. ನಾವು ವಿಮಾನದ ಫೋಟೋ, ಆಯಾ ಫೋಟೋ, ಕೇಂದ್ರದ ಗೇಟಿನ ಫೋಟೋ ಎಲ್ಲ ಹಾಕಿ ಆಲ್ಬಂ ಮಾಡಿದ್ದೇವೆ. ಅವನಿಗೆ ಅದು ಬಾಯಿಪಾಠ.

ಬಂಧುಗಳೆಲ್ಲ ಯಶೋದೆ ಕೃಷ್ಣರ ಕಥೆ ಹೇಳಿ ಅನ್ನುತ್ತಾರೆ. ಹೇಳಿದೆವು. ತೊಂದರೆ ಏನಂದರೆ, ಕಥೆ ಪೂರ್ತಿ ಹೇಳಿದರೆ ಕೃಷ್ಣ ಯಶೋದೆಯನ್ನು ಬಿಟ್ಟು ಮಥುರೆಗೆ ಹೋಗಿಬಿಡುತ್ತಾನೆ. "ಆಮೇಲೆ ಯಾವಾಗ ಬಂದ?" ಅಂತ ಕೇಳಿದ. ನಾನು ಬೆಣ್ಣೆ ಕದ್ದ ಭಾಗಕ್ಕೆ ವಾಪಸ್ ಹೋದೆ.

ಡೆವಲಪ್‌ಮೆಂಟಲ್ ಪೀಡಿಯಾಟ್ರಿಷಿಯನ್ (ಮಕ್ಕಳ ಬೆಳವಣಿಗೆಯ ತಜ್ಞ ಡಾಕ್ಟರು) ಹತ್ತಿರ ಹೋಗುವಾಗ ಏನು ಒಯ್ಯಬೇಕು?

ಅಪಾಯಿಂಟ್‌ಮೆಂಟ್ ಸಿಗಲು ತಿಂಗಳುಗಟ್ಟಲೆ ಆಗುತ್ತದೆ. ಬೇಕಾಗಬಹುದು ಅನ್ನಿಸಿದ ದಿನವೇ ಹೆಸರು ಬರೆಸಿ, ಬೇಡವಾದರೆ ರದ್ದು ಮಾಡಿದರಾಯಿತು. ಊರಿನ ಎರಡೂ ವರದಿಗಳ ಪ್ರತಿ, ಲಸಿಕೆ ಕಾರ್ಡು, ಥೆರಪಿ ವರದಿಗಳು, ಎರಡು ವಯಸ್ಸು ಬರೆದ ಆ ನೋಟ್‌ಬುಕ್ ಇರಲಿ. ಮನೆಯಲ್ಲಿ ಅವನು ಕನ್ನಡದಲ್ಲಿ ಹರಟುವ ಎರಡು ನಿಮಿಷದ ವಿಡಿಯೋ ಇರಲಿ, ಏಕೆಂದರೆ ಆ ರೂಮಿನಲ್ಲಿ ಅವನು ಬಾಯಿ ಬಿಡುವುದಿಲ್ಲ. ನಮ್ಮವನು ಒಂದೂವರೆ ಗಂಟೆ ಕಿವಿ ಹಿಡಿದುಕೊಂಡು ಕೂತಿದ್ದ. ಡಾಕ್ಟರು ಏನು ಕೇಳಿದರೂ "ಬ್ಯಾಡ" ಅನ್ನಲೂ ಇಲ್ಲ. ಕೊನೆಗೆ ಬಾಯಿ ಬಿಡಿಸಿದ್ದು ಡಬ್ಬಿಯಲ್ಲಿದ್ದ ಮಜ್ಜಿಗೆ ಅನ್ನ. ಅದನ್ನೂ ತಗೊಂಡು ಹೋಗಿ, ಎರಡು ಚಮಚ ಸಮೇತ. ಇವನು ಡಾಕ್ಟರಿಗೂ ತಿನ್ನಿಸಲು ಹೋದ.